ಕಟ್ಟಿಕೊಂಡ ನೀರು

ನನ್ನ ಎಡಗಡೆಯ ಕಿಡ್ನಿ ಕೆಟ್ಟಿದೆ ಎಂದು ನನಗೆ ಮೊದಲು ಹೇಳಿದವನು ನನ್ನದೇ ವಿದ್ಯಾರ್ಥಿ. ಬೈಲಹೊಂಗಲದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸೀರೆಯ ನಿರಿಗೆ ಸಡಿಲಿಸಿ ಮಲಗಿದ್ದೆ. ಬೆಳಿಗ್ಗೆ ಕಾಲೇಜಿನಲ್ಲೇ ಚಳಿಜ್ವರ ಬಂದು ಕೈಯಲ್ಲಿದ್ದ ಚಾಕ್‌ಪೀಸ್ ಬಿದ್ದುಹೋಗಿತ್ತು. ಜೊತೆಯ ಅಧ್ಯಾಪಕಿಯೊಬ್ಬರು ಆಟೊದಲ್ಲಿ ಕೂರಿಸಿ ಅಲ್ಲಿಗೆ ಕರೆತಂದಿದ್ದರು. ಒಳಗೆ ಬಂದ ಡಾಕ್ಟರು ಮುಖ ಎತ್ತಿದ ಕೂಡಲೇ ಗುರುತು ಸಿಕ್ಕಿತು. ಹಿಂದೆ ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ಜೀವಶಾಸ್ತ್ರ ಕೇಳುತ್ತಿದ್ದ ಹುಡುಗ ಆತ.

"ಮೇಡಂ, ನೀವೇನ್ರಿ?" ಅಂದ. ಅವನಿಗೂ ಸಂಕೋಚ, ನನಗೂ ಸಂಕೋಚ. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಆತ ಹೊಟ್ಟೆಗೆ ತಣ್ಣಗಿನ ಜೆಲ್ ಸವರಿ, ಯಂತ್ರದ ತುದಿಯನ್ನು ಎಡಪಕ್ಕೆಗೆ ಒತ್ತಿ ಹಿಡಿದು ಪರದೆಯನ್ನು ದಿಟ್ಟಿಸಿದ.

"ಮೇಡಂ, ಮೊದಲ ಯಾವಾಗರೆ ಬ್ಯಾನಿ ಆಗಿತ್ತೇನ್ರಿ ಇಲ್ಲೆ?"

"ಬ್ಯಾಸಗ್ಯಾಗ ಆಗಿತ್ತಪಾ. ಆಮ್ಯಾಲೆ ತಾನಾಗೇ ಹೋತು."

"ಹೋದ ಮ್ಯಾಲೆ ತೋರಿಸಲಿಲ್ಲೇನ್ರಿ?"

ಆತ ಪರದೆಯನ್ನು ನನ್ನ ಕಡೆ ತಿರುಗಿಸಿದ. "ನಳಿಗ್ಯಾಗ ಹರಳು ಸಿಕ್ಕೊಂಡೈತ್ರಿ. ಮ್ಯಾಲೆ ನೀರು ನಿಂತು ಕಿಡ್ನಿ ಉಬ್ಬೇತಿ. ಸುತ್ತಲ ಮಾಂಸ ಭಾಳ ತೆಳ್ಳಗ ಆಗೇತ್ರಿ." ದನಿ ಇಳಿಸಿ, "ನಿಮಗ ನಾ ಏನು ಹೇಳೂದೈತ್ರಿ ಮೇಡಂ. ನೀವು ಇದರಾಗಽ ಪಿಎಚ್‌ಡಿ ಮಾಡಿದವರು," ಅಂದ. ಚುಚ್ಚಬೇಕೆಂದು ಆಡಿದ ಮಾತಲ್ಲ. ಗೌರವದಿಂದಲೇ ಅಂದಿದ್ದ. ಅದಕ್ಕೇ ನನಗೆ ಎದ್ದು ಕೂರಲೂ ಆಗದಷ್ಟು ನಾಚಿಕೆಯಾಯಿತು.

ಪಿಎಚ್‌ಡಿಗಾಗಿ ಧಾರವಾಡದಲ್ಲಿ ನಾನು ಮಾಡಿದ್ದು ನಿಜಕ್ಕೂ ಇದೇ ಕೆಲಸ. ಇಲಿಗೆ ಮದ್ದು ಕೊಟ್ಟು ಮಲಗಿಸಿ, ಹೊಟ್ಟೆಯ ಪಕ್ಕದಲ್ಲಿ ಸಣ್ಣಗೆ ಕೊಯ್ದು, ಎಡ ಕಿಡ್ನಿಯಿಂದ ಮೂತ್ರ ಇಳಿದು ಬರುವ ನಾಳಕ್ಕೆ ರೇಷ್ಮೆ ದಾರದ ಗಂಟು ಹಾಕುತ್ತಿದ್ದೆ. ನೀರು ಮುಂದಕ್ಕೆ ಹೋಗಲಾರದೆ ಕಿಡ್ನಿಯೊಳಗೇ ನಿಲ್ಲುತ್ತದೆ. ಒತ್ತಡಕ್ಕೆ ಹಿಗ್ಗಿ ಗಾಯಗೊಂಡ ಕೋಶಗಳು ಸುಮ್ಮನಿರುವುದಿಲ್ಲ. ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದು ನೆರೆಯ ಕೋಶದ ಹೊರಮೈಗೆ ಬಂದು ಕೂಡಿಕೊಂಡರೆ, ಆ ಕೋಶದೊಳಗೆ ಸ್ಮ್ಯಾಡ್ ಎಂಬ ಇನ್ನೊಂದು ಪ್ರೋಟೀನು ಚುರುಕಾಗಿ ಕೋಶಕೇಂದ್ರಕ್ಕೆ ಸುದ್ದಿ ಒಯ್ಯುತ್ತದೆ. ಅಲ್ಲಿ ಕೊಲ್ಯಾಜನ್ ಎಂಬ ನಾರು ತಯಾರಿಸುವ ಜೀನುಗಳು ಚಾಲೂ ಆಗುತ್ತವೆ. ಗಾಯ ಮುಚ್ಚಲೆಂದೇ ದೇಹ ಮಾಡಿಕೊಂಡಿರುವ ಏರ್ಪಾಡು ಅದು. ಗಾಯ ನಿಲ್ಲದಿದ್ದರೆ ಏರ್ಪಾಡೂ ನಿಲ್ಲುವುದಿಲ್ಲ. ನಾರಿನ ಮೇಲೆ ನಾರು ಬಿದ್ದು, ರಕ್ತ ಸೋಸಬೇಕಾದ ಜಾಗ ಹಳೆಯ ಗಾಯದ ಕಲೆಯ ಹಾಗೆ ಬಿರುಸಾಗುತ್ತದೆ. ಈ ಸುದ್ದಿ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಹೋಗಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಹುಡುಕುವುದರಲ್ಲಿ ನನ್ನ ಹರೆಯದ ಒಳ್ಳೆಯ ವರ್ಷಗಳು ಕಳೆದವು. ಬಂಧುಬಳಗದಲ್ಲಿ ನನ್ನನ್ನು ಕಿಡ್ನಿ ಮೇಡಂ ಎಂದೇ ಕರೆಯುತ್ತಿದ್ದರು. ರಾಮದುರ್ಗದ ನನ್ನ ತವರಿನಲ್ಲಿ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ನೀರು ಕುಡಿಯಿರಿ, ಮೂತ್ರ ತಡೆಯಬೇಡಿ ಎಂದು ನಾಲ್ಕು ಜನಕ್ಕೆ ಬುದ್ಧಿ ಹೇಳದೆ ನಾನು ಎದ್ದವಳಲ್ಲ.

ನಾನೇ ನೀರು ಕುಡಿಯುತ್ತಿರಲಿಲ್ಲ. ನಮ್ಮ ಮನೆ ಸವದತ್ತಿಯಲ್ಲಿ. ನನ್ನ ಗಂಡ ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಬೆಳಿಗ್ಗೆ ಬಸ್ಸು ಹತ್ತಿ ಬೈಲಹೊಂಗಲದ ಕಾಲೇಜಿಗೆ ಹೋದರೆ ಮರಳುವುದು ಸಂಜೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಶೌಚಾಲಯಕ್ಕೆ ಬೀಗ. ಅದರ ಕೀಲಿ ಆಫೀಸಿನ ಕ್ಲಾರ್ಕರ ಟೇಬಲ್ಲಿನ ಖಾನೆಯಲ್ಲಿ. ಫೀ ತುಂಬಲು ಬಂದ ಹುಡುಗರು, ಅವರ ಅಪ್ಪಂದಿರು ಸಾಲಾಗಿ ನಿಂತಿರುತ್ತಿದ್ದರು. ಅವರೆದುರಿಗೆ ಹೋಗಿ "ಕೀಲಿ ಕೊಡ್ರಿ" ಎನ್ನಬೇಕು. ಅಂದ ಕೂಡಲೇ ಎಲ್ಲಿಗೆ ಎಂಬುದು ಎಲ್ಲರಿಗೂ ಗೊತ್ತು. ನನಗೆ ಅದು ಆಗುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಕಪ್ ಚಹಾ ಕುಡಿದು ಹೊರಟರೆ ಮನೆಗೆ ಬರುವವರೆಗೆ ಬಾಯಿಗೆ ಹನಿ ನೀರು ಹಾಕದಿರುವುದು ರೂಢಿಯಾಗಿಹೋಯಿತು.

ಬೇಸಗೆಯಲ್ಲಿ ಎಡಪಕ್ಕೆಯಲ್ಲಿ ನೋವು ಎದ್ದಾಗ ಹರಳೇ ಇರಬೇಕು ಎಂದು ನನಗೆ ಅನುಮಾನವಿರಲಿಲ್ಲ. ಮಾತ್ರೆ ನುಂಗಿದೆ. ಕೆಲವು ದಿನಕ್ಕೆ ನೋವು ನಿಂತಿತು. ಅತ್ತೆ ಮಾತ್ರ ಬಿಡಲಿಲ್ಲ.

"ಬಿತ್ತೋ ಇಲ್ಲೋ ಒಮ್ಮೆ ಫೋಟೋ ತಗಸವಾ," ಅಂದರು.

"ಬಿದ್ದೈತ್ರಿ ಅತ್ತಿ. ಬ್ಯಾನಿ ಇಲ್ಲಂದ್ರ ಬಿದ್ದಂಗಽ."

ಸುಳ್ಳು ಹೇಳುತ್ತಿದ್ದೇನೆ ಎಂದು ಆಡುವಾಗಲೇ ಗೊತ್ತಿತ್ತು. ನೋವು ನಿಲ್ಲುವುದಕ್ಕೆ ಎರಡು ಕಾರಣ ಇರಬಹುದು. ಹರಳು ಹೊರಗೆ ಬಿದ್ದಿರಬಹುದು, ಇಲ್ಲವೇ ಕಿಡ್ನಿ ಕೆಲಸ ನಿಲ್ಲಿಸುತ್ತ ಬಂದಿರಬಹುದು. ಗಂಟು ಹಾಕಿಸಿಕೊಂಡ ನನ್ನ ಇಲಿಗಳೂ ಸ್ವಲ್ಪ ಹೊತ್ತಿನಲ್ಲೇ ಎದ್ದು ಕಾಳು ತಿನ್ನುತ್ತಿದ್ದವು. ಆದರೆ ಸವದತ್ತಿಯಲ್ಲಿ ಸ್ಕ್ಯಾನ್ ಮಾಡುವವರ ಹೆಂಡತಿ ನನಗೆ ಪರಿಚಯ, ಬೈಲಹೊಂಗಲದಲ್ಲಿ ಅರ್ಧ ಊರೇ ನನ್ನ ವಿದ್ಯಾರ್ಥಿಗಳು. ಕಿಡ್ನಿ ಮೇಡಂಗೆ ಕಿಡ್ನಿ ಬ್ಯಾನಿ ಎಂದು ನಕ್ಕಾರು ಎಂಬುದೊಂದು, ಹೊಟ್ಟೆ ತೋರಿಸಿ ಮಲಗಬೇಕಲ್ಲ ಎಂಬುದೊಂದು. ಹೀಗೆ ಮುಂದಿನ ವಾರ, ಮುಂದಿನ ವಾರ ಎನ್ನುತ್ತ ದಸರೆ ಹತ್ತಿರ ಬಂತು, ಆ ಚಳಿಜ್ವರವೂ ಬಂತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಬೆನ್ನಿನ ಎಡಗಡೆ ಒಂದು ತೂತು ಮಾಡಿ ಕಿಡ್ನಿಗೇ ಸಣ್ಣ ನಳಿಗೆ ಇಳಿಸಿದರು. ಅದರ ತುದಿಗೆ ಪ್ಲಾಸ್ಟಿಕ್ ಚೀಲ. ನಿಂತ ನೀರೆಲ್ಲ ಅದರೊಳಗೆ ಇಳಿಯಬೇಕು. ಕೆಲವು ವಾರ ಹೀಗೆ ಇಟ್ಟು ನೋಡೋಣ, ಒತ್ತಡ ಇಳಿದರೆ ಕಿಡ್ನಿ ಚೇತರಿಸಿಕೊಂಡರೂ ಚೇತರಿಸಿಕೊಂಡೀತು ಎಂದು ಡಾಕ್ಟರು ಹೇಳಿದರು. ಗಂಡ ಏನೂ ಬೈಯಲಿಲ್ಲ. ಬರುವ ದಾರಿಯಲ್ಲಿ ಕಾರು ಎಲ್ಲಿ ನಿಂತರೂ ಇಳಿದು ಒಂದು ನೀರಿನ ಬಾಟಲಿ ತಂದು ನನ್ನ ತೊಡೆಯ ಮೇಲೆ ಇಡುತ್ತಿದ್ದರು, ಅಷ್ಟೆ.

ಮನೆಯಲ್ಲಿ ಆ ಚೀಲ ಬರಿದು ಮಾಡುವ ಕೆಲಸವನ್ನು ಅತ್ತೆ ತಾವೇ ತೆಗೆದುಕೊಂಡರು. ಬಾಗಿದರೆ ನನಗೆ ಹೊಲಿಗೆ ಎಳೆಯುತ್ತಿತ್ತು. ಅವರು ಬಕೆಟ್ ಹಿಡಿದು ಬಂದಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

"ನೀವು ಮಾಡಬ್ಯಾಡ್ರಿ ಅತ್ತಿ. ನಂಗ ಹೆಂಗರೆ ಆಕ್ಕೈತಿ."

"ಏನಾಕ್ಕೈತಿ? ನಿನ್ನ ಗಂಡಂದು ಎಷ್ಟು ಬಳದೇನಿ, ನಿಂದೇನು ಬ್ಯಾರೆ ಐತೇನು?"

ಅವರು ನಗಿಸಲೆಂದೇ ಹೇಳುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮನೆಗೆ ಬಂದ ಸೊಸೆ ಅತ್ತೆಯ ಕೈಯಲ್ಲಿ ಉಚ್ಚೆ ಬಳಿಸಿಕೊಳ್ಳುತ್ತಿದ್ದಾಳೆ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ರಾಮದುರ್ಗದಿಂದ ಅವ್ವ ಫೋನ್ ಮಾಡಿದರೆ ಜ್ವರ ಎಂದಷ್ಟೇ ಹೇಳಿದೆ. ನೋಡಲು ಬರುತ್ತೇನೆ ಅಂದಾಗ ಬೇಡವೆಂದು ಜಗಳ ಮಾಡಿದೆ.

ರಜೆ ಮುಗಿಯಿತು. ಪರೀಕ್ಷೆ ಹತ್ತಿರವಿತ್ತು, ಪಾಠ ಉಳಿದಿತ್ತು. ಅತ್ತೆ ತಮ್ಮ ಹಳೆಯ ಖಣದ ಕುಪ್ಪಸ ಬಿಚ್ಚಿ ಒಂದು ಸಂಚಿ ಹೊಲಿದು ಕೊಟ್ಟರು. ಪ್ಲಾಸ್ಟಿಕ್ ಚೀಲವನ್ನು ಅದರೊಳಗಿಟ್ಟು, ಲಂಗದ ಲಾಡಿಗೆ ಕಟ್ಟಿ, ಮೇಲೆ ಸೀರೆ ಉಟ್ಟರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಆದರೂ ಬಸ್ಸಿನಲ್ಲಿ ಯಾರು ಮೂಗು ಒರೆಸಿಕೊಂಡರೂ ನನ್ನಿಂದಲೇ ವಾಸನೆ ಬರುತ್ತಿದೆಯೇನೋ ಎನ್ನಿಸುತ್ತಿತ್ತು. ಕಿಟಕಿಯ ಪಕ್ಕ ಸೀಟು ಹಿಡಿದು, ಬ್ಯಾಗನ್ನು ಎಡಗಡೆಗೆ ಅವುಚಿಕೊಂಡು ಕೂರುತ್ತಿದ್ದೆ.

ಉಳಿದಿದ್ದ ಪಾಠ ಕೋಶಗಳ ಸಂಕೇತ ವ್ಯವಸ್ಥೆ. ಪುಸ್ತಕದಲ್ಲಿ ಬೇರೆ ಉದಾಹರಣೆ ಇದ್ದರೂ ನಾನು ಪ್ರತಿ ವರ್ಷ ಕಿಡ್ನಿಯ ಉದಾಹರಣೆ ಕೊಡುತ್ತಿದ್ದೆ. ಆ ವರ್ಷವೂ ಬಾಯಿ ತಾನಾಗಿ ಅತ್ತ ಹೋಯಿತು. ಇಲಿಯ ನಾಳಕ್ಕೆ ಗಂಟು ಹಾಕುತ್ತಿದ್ದುದನ್ನು ಹೇಳಿ, ಬೋರ್ಡಿನ ಮೇಲೆ ಕೋಶ ಬರೆದೆ, ಟಿಜಿಎಫ್-ಬೀಟಾ ಬರೆದೆ, ಸ್ಮ್ಯಾಡ್‌ಗೆ ಬಾಣ ಹಾಕಿದೆ. ಕಿತ್ತೂರಿನ ಕಡೆಯ ಹಳ್ಳಿಯಿಂದ ಬರುವ ಒಬ್ಬಳು ಹುಡುಗಿ ಎದ್ದು ನಿಂತಳು.

"ಮೇಡಂ, ಗಂಟು ಬಿಚ್ಚಿದ ಮ್ಯಾಲೂ ಆ ಕೋಶ ಯಾಕ ನಾರು ಹಾಕ್ಕೋತ ಹೊಕ್ಕಾವ್ರಿ? ಸುದ್ದಿ ಕಳಿಸೂದು ನಿಂತಿರತೈತಲ್ರಿ?"

ಒಳ್ಳೆಯ ಪ್ರಶ್ನೆ. ಹಾಕಿದ ನಾರೇ ಬಿರುಸಾಗಿರುತ್ತದೆ, ಆ ಬಿರುಸುತನವೇ ಕೋಶಕ್ಕೆ ಮತ್ತೊಂದು ಸಂಕೇತ. ಸುತ್ತಲೂ ಗಟ್ಟಿ ಇದೆಯೆಂದರೆ ಇನ್ನೂ ಗಾಯವಿದೆ ಎಂದೇ ಅದು ತಿಳಿಯುತ್ತದೆ. ಬೇಗ ಬಿಚ್ಚಿದರೆ ಮರಳಿ ಬರಬಹುದು, ತಡವಾದರೆ ಕಷ್ಟ. ಹೀಗೆ ಹೇಳುತ್ತ ಹೇಳುತ್ತ ಮುಂದಿನ ಬಾಣ ಹಾಕಲು ಹೊರಟೆ. ಬೋರ್ಡಿನ ಕಡೆ ತಿರುಗಿ ಕೈ ಮೇಲೆತ್ತಿದೆ. ಚೀಲದ ಬಾಯಿ ಎಲ್ಲಿ ಸಡಿಲವಾಗಿತ್ತೋ ಗೊತ್ತಿಲ್ಲ. ಎಡಗಾಲಿನ ಗುಂಟ ಬೆಚ್ಚಗೆ ಇಳಿಯಿತು.

ಕೆಳಗೆ ನೋಡಿದೆ. ಸೀರೆಯ ಅಂಚು ಒದ್ದೆಯಾಗಿ ವೇದಿಕೆಯ ಹಲಗೆಯ ಮೇಲೆ ನೀರು ಹರಿದು ಮುಂದಿನ ಬೆಂಚಿನ ಕಡೆ ಹೊರಟಿತ್ತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಮುಂದೆ ಕೂತಿದ್ದ ಹುಡುಗಿಯರು ತಲೆ ಬಗ್ಗಿಸಿ ಬರೆಯುವವರಂತೆ ಪೆನ್ನು ಆಡಿಸಿದರು. ಬರೆಯಲು ನಾನು ಏನೂ ಹೇಳಿರಲಿಲ್ಲ. ಪುಸ್ತಕ, ಹಾಜರಿ ಎಲ್ಲ ಅಲ್ಲೇ ಬಿಟ್ಟು ಹೊರಗೆ ನಡೆದೆ. ಮೆಟ್ಟಿಲ ಮೇಲೆ ನನ್ನ ಎಡಚಪ್ಪಲಿ ಪಿಚಪಿಚ ಎನ್ನುತ್ತಿತ್ತು. ಆ ಸದ್ದು ಕಾರಿಡಾರಿನ ಎಲ್ಲ ಕೋಣೆಗಳಿಗೂ ಕೇಳುತ್ತಿದೆ ಎಂದೇ ಅನ್ನಿಸಿತು.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ನೌಕರಿ ಬಿಡುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರು "ಆರಾಮ ಆಗು ಮೊದಲ, ಆಮ್ಯಾಲೆ ನೋಡೂಣು," ಅಂದರು. ಅತ್ತೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಡಿ, ನಾನೂ ಬರತೇನಿ."

"ಎಲ್ಲಿಗ್ರಿ?"

"ನಿಮ್ಮ ಕಾಲೇಜಿಗೆ. ನೀ ಪಾಠ ಮಾಡು, ನಾ ಹೊರಗ ಕುಂದರತೇನಿ. ಸೋರಿದ್ರ ನಾ ಅದೇನಿ."

ಬೇಡವೆಂದರೆ ಕೇಳುವ ಹೆಂಗಸಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನೀರು ಕುಡಿಸಿದರು. ಕಾಲೇಜು ಮುಟ್ಟುವ ಹೊತ್ತಿಗೆ ಒಂದು ಸಲ ಶೌಚಕ್ಕೆ ಹೋಗಲೇಬೇಕಾಗಿತ್ತು. ಒಂದು ಕಿಡ್ನಿ ನಳಿಗೆಯ ಪಾಲಾಗಿದ್ದರೂ ಇನ್ನೊಂದು ತನ್ನ ಕೆಲಸ ಮಾಡುತ್ತಿತ್ತಲ್ಲ. ಕೀಲಿಯ ಸಂಗತಿಯನ್ನು ಅತ್ತೆಗೆ ಪಿಸುಮಾತಿನಲ್ಲಿ ಹೇಳಿದೆ. ಅವರು ಸೀದಾ ಆಫೀಸಿನೊಳಗೆ ಹೋದರು. ನಾನು ಹಿಂದೆಯೇ ಓಡಿದೆ. ಫೀ ತುಂಬುವವರ ಸಾಲು ಬಾಗಿಲವರೆಗೆ ಇತ್ತು.

"ತಮ್ಮಾ, ನಮ್ಮ ಸೊಸಿ ಉಚ್ಚಿಗೆ ಹೋಗಬೇಕಂತ. ಕೀಲಿ ಕೊಡು," ಅಂದರು ಅತ್ತೆ, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ.

ಇಡೀ ಆಫೀಸು ತಿರುಗಿ ನೋಡಿತು. ಕ್ಲಾರ್ಕರ ಮುಖ ಕೆಂಪಾಯಿತು. "ಅವರು ಬಂದು ಕೇಳಿದ್ರ ಕೊಡತಿದ್ನೆಲ್ರಿ ಅಮ್ಮಾರ," ಅಂದರು.

"ಆಕಿ ಯಾಕ ಕೇಳಬೇಕು? ನೀ ಹ್ವಾದಾಗ ಯಾರನ್ನ ಕೇಳಿ ಹೊಕ್ಕಿ?"

ಸಾಲಿನಲ್ಲಿದ್ದ ಯಾರೋ ಗಂಡಸರು ನಕ್ಕರು. ನಾನು ಕಂಬದ ಮರೆಗೆ ಸರಿದೆ. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಹೊತ್ತು ನನಗೆ ಹಾಗೇ ಆಗಿತ್ತು. ಅತ್ತೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವರು ಕೀಲಿ ತಂದು ಕೈಗಿಟ್ಟಾಗ ಮುಖ ನೋಡಲಿಲ್ಲ. ಒಳಗೆ ಹೋಗಿ ಬಂದೆ. ಹೊರಗೆ ಮೂರ್ನಾಲ್ಕು ಹುಡುಗಿಯರು ನಿಂತಿದ್ದರು. ಕಿತ್ತೂರಿನ ಕಡೆಯ ಆ ಹುಡುಗಿಯೂ ಇದ್ದಳು. ನಾನು ಬೀಗ ಹಾಕಲು ಹೋದರೆ ಅವಳು, "ಹಾಕಬ್ಯಾಡ್ರಿ ಮೇಡಂ, ನಾವೂ ಹೋಗವರದೇವ್ರಿ," ಅಂದಳು. ನೆಲ ನೋಡುತ್ತಲೇ ಹೇಳಿದಳು. ಅವರಲ್ಲಿ ಒಬ್ಬಳೂ ಮನೆ ಬಿಟ್ಟ ಮೇಲೆ ನೀರು ಕುಡಿಯುತ್ತಿರಲಿಲ್ಲವೆಂದು ಅವರನ್ನು ಕೇಳಿದ ಮೇಲೆ ನನಗೆ ತಿಳಿಯಿತು. ಇಷ್ಟು ವರ್ಷ ಅವರೆದುರು ನಿಂತು ಕಿಡ್ನಿಯ ಪಾಠ ಮಾಡಿದ್ದೆ. ಒಮ್ಮೆಯೂ ಅವರನ್ನು ಈ ಮಾತು ಕೇಳಿರಲಿಲ್ಲ.

ಆ ದಿನದಿಂದ ಆ ಬಾಗಿಲಿಗೆ ಬೀಗ ಬೀಳಲಿಲ್ಲ. ಇದನ್ನು ಅತ್ತೆ ಈಗಲೂ ಸಂಬಂಧಿಕರೆದುರು ಹೇಳಿಕೊಂಡು ನಗುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ.

ಕಿಡ್ನಿ ಚೇತರಿಸಿಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಎಡಗಡೆಯದು ಹೆಸರಿಗಷ್ಟೇ ಇದೆ ಎಂದು ಗೊತ್ತಾಯಿತು. ಸೋಂಕು ಮೇಲಿಂದ ಮೇಲೆ ಬರತೊಡಗಿತ್ತು. ತೆಗೆದುಹಾಕಿದರು. ಬಲಗಡೆಯದು ಗಟ್ಟಿ ಇದೆ, ಹೆದರಬೇಡಿ ಎಂದರು. ಅವ್ವನಿಗೆ ಆಗ ಹೇಳಲೇಬೇಕಾಯಿತು. ಬಂದವಳು ನನ್ನ ಮಂಚದ ಪಕ್ಕ ಕೂತು ನನ್ನೊಡನೆ ಮಾತಾಡದೆ ಅತ್ತೆಯ ಕೈ ಹಿಡಿದುಕೊಂಡು ಅತ್ತಳು. "ನನ್ನ ಮಗಳ ನಾಚಿಕಿ ಭಾರ ನಿಮ್ಮ ಮ್ಯಾಲೆ ಬಿತ್ರಿ," ಎಂದು ಅವಳು ಅಂದದ್ದು ನನಗೆ ಕೇಳಿಸಿತು.

ಹೊಲಿಗೆ ಬಿಚ್ಚಿಸಲು ಹೋದಾಗ ಆಸ್ಪತ್ರೆಯ ಪ್ರಯೋಗಾಲಯದ ಡಾಕ್ಟರನ್ನು ಕಂಡು, ನಾನು ಇಂಥ ವಿಷಯ ಓದಿದವಳು, ಸ್ಲೈಡ್ ನೋಡಬಹುದೇ ಎಂದು ಕೇಳಿದೆ. ಅವರು ಸಂತೋಷದಿಂದ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನಾರು ನೀಲಿಯಾಗಿ ಕಾಣುವಂತೆ ಬಣ್ಣ ಹಾಕಿದ್ದರು. ಕಣ್ಣಿಟ್ಟರೆ ತುಂಬ ನೀಲಿ. ನಡುನಡುವೆ ಅಲ್ಲೊಂದು ಇಲ್ಲೊಂದು ನಾಳ, ತೆಳ್ಳಗಾಗಿ, ಬರಿದಾಗಿ. ನಾನು ವರ್ಷಗಟ್ಟಲೆ ಇಲಿಗಳಲ್ಲಿ ನೋಡಿದ ಚಿತ್ರವೇ. ಅಷ್ಟು ಸ್ಪಷ್ಟವಾದದ್ದು ನನ್ನ ಇಡೀ ಪ್ರಬಂಧದಲ್ಲಿ ಒಂದೂ ಇರಲಿಲ್ಲ. ನನಗೆ ಮೊದಲು ಆದದ್ದು ಖುಷಿ. "ಎಷ್ಟು ಛಲೋ ಬಂದೈತ್ರಿ!" ಎಂದು ಬಾಯಿಂದ ಬಂದೇ ಬಿಟ್ಟಿತು. ಪಕ್ಕದಲ್ಲಿ ಗಂಡ ನಿಂತಿದ್ದರು. "ಏನು ಛಲೋ ಬಂದೈತಿ?" ಎಂದು ಕೇಳಿದರು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದೆ.

ಹೋದ ವರ್ಷ ಕಿತ್ತೂರಿನ ಒಂದು ಕಾಲೇಜಿಗೆ ಉಪನ್ಯಾಸಕ್ಕೆ ಕರೆದಿದ್ದರು. ಕಿಡ್ನಿ ನಾರುಗಟ್ಟುವುದು, ಅದರ ಹಿಂದಿನ ಸಂಕೇತ ಮಾರ್ಗಗಳು ಎಂಬ ವಿಷಯ. ಈ ದಾರಿಗೆ ಅಡ್ಡ ನಿಲ್ಲುವ ಔಷಧಗಳು ಇಲಿಗಳಲ್ಲಿ ಕೆಲಸ ಮಾಡಿದರೂ ಮನುಷ್ಯರಲ್ಲಿ ಅಷ್ಟು ಸುಲಭವಾಗಿ ಮಾಡುತ್ತಿಲ್ಲ, ಗಾಯ ಮಾಯಿಸುವುದೂ ಅದೇ ಸಂಕೇತವಾದ್ದರಿಂದ ಪೂರ್ತಿ ಬಂದ್ ಮಾಡಲೂ ಬರುವುದಿಲ್ಲ ಎಂದೆಲ್ಲ ಹೇಳಿದೆ. ನಡುವೆ ನನ್ನದೇ ಸ್ಲೈಡಿನ ಚಿತ್ರ ತೋರಿಸಿದೆ. "ಮಧ್ಯವಯಸ್ಸಿನ ಒಬ್ಬ ಮಹಿಳೆಯ ಕಿಡ್ನಿ" ಅಂದೆ. ನನ್ನದು ಎನ್ನಲು ಬಾಯಿ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಹಾದ ಹೊತ್ತಿಗೆ ಅಲ್ಲಿಯ ಒಬ್ಬ ಅಧ್ಯಾಪಕಿ ನನ್ನನ್ನು ಕಾರಿಡಾರಿನ ಮೂಲೆಗೆ ಕರೆದರು. ನನಗಿಂತ ಚಿಕ್ಕವರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಮೇಡಂ, ಆ ಹೆಣಮಗಳಿಗೆ ಮೊದಲ ಬ್ಯಾನಿ ಇತ್ತೇನ್ರಿ?"

"ಇತ್ತು. ಆಮ್ಯಾಲೆ ನಿಂತಿತ್ತು."

"ನಿಂತ ಮ್ಯಾಲೂ ಹಾಳಾತೇನ್ರಿ?"

ಯಾಕೆ ಕೇಳುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಅವರ ಬಲಗೈ ತಾನಾಗಿ ಪಕ್ಕೆಗೆ ಹೋಗಿತ್ತು. ಕೆಲವು ವಾರದ ಹಿಂದೆ ನೋವು ಬಂದು ಹೋಗಿತ್ತಂತೆ, ಮನೆಯಲ್ಲಿ ಹೇಳಿಲ್ಲವಂತೆ.

"ಆಕಿ ನಾನಽ," ಅಂದೆ. ಅವರಿಗೆ ತಿಳಿಯಲಿಲ್ಲ. "ಆ ಚಿತ್ರ ನಂದಽ ಐತಿ. ನಾಚಿಕೊಂಡು ಕುಂತೆ, ಹೋತು."

ನನ್ನ ಕಿವಿ ಬಿಸಿಯಾಗಿತ್ತು. ಊಟಕ್ಕೆ ನಿಲ್ಲಿ ಎಂದು ಪ್ರಾಂಶುಪಾಲರು ಹೇಳುತ್ತಿದ್ದರೂ ಕೇಳದೆ ಆ ಅಧ್ಯಾಪಕಿಯನ್ನು ಕರೆದುಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ನನ್ನ ಹಳೆಯ ವಿದ್ಯಾರ್ಥಿ ಅವರ ಹೊಟ್ಟೆ ನೋಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸಣ್ಣ ಹರಳು, ನಾಳದ ಅರ್ಧ ದಾರಿಯಲ್ಲಿ. ಕಿಡ್ನಿ ಈಗಷ್ಟೇ ಸ್ವಲ್ಪ ಉಬ್ಬಿದೆ, ಹರಳು ತೆಗೆಸಿದರೆ ಸರಿಹೋಗುತ್ತದೆ ಎಂದ. ಮುಂದಿನ ವಾರ ತೆಗೆಸಿದರು. ಸರಿಹೋಯಿತು.

ಸ್ಕ್ಯಾನ್ ಆದ ಆ ದಿನ ಸೆಂಟರಿನ ಹೊರಗಿನ ಬೆಂಚಿನ ಮೇಲೆ ಕೂತು ಆಕೆ ಗಂಡನಿಗೆ ಫೋನ್ ಮಾಡುತ್ತಿದ್ದರು. ಏನು ಹೇಳಬೇಕೆಂದು ತಿಳಿಯದೆ ಎರಡು ಸಲ ತಡವರಿಸಿ, ಮೂರನೆಯ ಸಲ ನೇರವಾಗಿ ಹೇಳಿದರು. ನಾನು ಅಂಗಡಿಗೆ ಹೋಗಿ ಇಬ್ಬರಿಗೂ ನೀರಿನ ಬಾಟಲಿ ತಂದೆ.